ಎಸ್ಸೆಸ್ಸೆಲ್ಸಿ ಕೊಠಡಿಗೆ ಹೋಗುವ ಶಿಕ್ಷಕರ ತಯಾರಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ತಯಾರಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪರೀಕ್ಷೆ ನಡೆಸುವವರ ತಯಾರಿಯ ಬಗ್ಗೆ ಮಾತಾಡುವವರು ಕಡಿಮೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ ದಾಟಿದರೆ ತಿಕೋಟಾ, ಇನ್ನೊಂದು ದಿಕ್ಕಿಗೆ ಬಬಲೇಶ್ವರ. ಈ ಭಾಗದ ಶಾಲೆಗಳ ಶಿಕ್ಷಕರಿಗೆ ಪ್ರತಿ ವರ್ಷ ಒಂದು ಆದೇಶ ಬರುತ್ತದೆ: ನಿಮ್ಮನ್ನು ಇಂಥ ಪರೀಕ್ಷಾ ಕೇಂದ್ರಕ್ಕೆ ಕೊಠಡಿ ಮೇಲ್ವಿಚಾರಕರಾಗಿ ನೇಮಿಸಲಾಗಿದೆ. ಹೊಸದಾಗಿ ನೌಕರಿಗೆ ಸೇರಿದವರಿಗೆ ಅದನ್ನು ನೋಡಿ ಗಾಬರಿ. ಹಳಬರಿಗೆ ‘ಇದರಲ್ಲೇನಿದೆ, ಮೂರು ತಾಸು ನಿಂತು ಬಂದರಾಯಿತು’ ಎಂಬ ಉದಾಸೀನ. ನನ್ನ ಪ್ರಕಾರ ಎರಡೂ ಬೇಡ. ಕೆಲಸ ಕಷ್ಟದ್ದಲ್ಲ, ಆದರೆ ಕಲಿತು ಮಾಡಬೇಕಾದದ್ದು.

ಮೊದಲು ಈ ಪರೀಕ್ಷೆಯ ಸ್ವರೂಪ ನೋಡೋಣ. ನಿಮ್ಮ ಶಾಲೆಯ ಕಿರುಪರೀಕ್ಷೆಯನ್ನು ನೀವೇ ಬರೆಸುತ್ತೀರಿ, ನೀವೇ ತಿದ್ದುತ್ತೀರಿ. ಎಸ್ಸೆಸ್ಸೆಲ್ಸಿ ಹಾಗಲ್ಲ. ಇದು ಪ್ರಮಾಣೀಕೃತ ಪರೀಕ್ಷೆ. ಅಂದರೆ ರಾಜ್ಯದ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಹೊತ್ತು, ಒಂದೇ ನಿಯಮ. 2024ರಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ಬರೆದರು. ಬೀದರಿನ ಮಗುವಿನ 60 ಅಂಕವನ್ನೂ ತಿಕೋಟಾದ ಮಗುವಿನ 60 ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಇಬ್ಬರೂ ಬರೆದ ಕೊಠಡಿ ಒಂದೇ ತರಹ ನಡೆದಿರಬೇಕು. ಒಣದ್ರಾಕ್ಷಿ ತೂಗುವ ತಕ್ಕಡಿ ಅಂಗಡಿಗೊಂದು ತೂಕ ತೋರಿಸಿದರೆ ಬೆಳೆಗಾರ ಒಪ್ಪುತ್ತಾನೆಯೇ? ಪ್ರಶ್ನೆಪತ್ರಿಕೆಯನ್ನು ಮಂಡಳಿ ಒಂದೇ ಮಾಡಿ ಕೊಡಬಹುದು, ಕೊಠಡಿಯನ್ನು ಒಂದೇ ತರಹ ನಡೆಸುವವರು ಶಿಕ್ಷಕರು ಮಾತ್ರ.

ಮಂಡಳಿ ಎಂದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. 1966ರಲ್ಲಿ ಶುರುವಾದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಗೆ 2022ರಲ್ಲಿ ಪಿಯುಸಿ ಪರೀಕ್ಷೆಯ ಹೊಣೆಯೂ ಸೇರಿ ಈ ಹೆಸರು ಬಂತು. 2023-24ರಿಂದ ಪೂರಕ ಪರೀಕ್ಷೆಯ ಪದ್ಧತಿ ಹೋಗಿ ವರ್ಷಕ್ಕೆ ಪರೀಕ್ಷೆ 1, 2, 3 ಎಂದು ಮೂರು ಅವಕಾಶಗಳಾದವು. ಶಿಕ್ಷಕರಿಗೆ ಇದರ ಅರ್ಥ, ಮಾರ್ಚ್ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಆದೇಶ ಬರಬಹುದು.

ಒಂದು ಕೇಂದ್ರದಲ್ಲಿ ಯಾರು ಯಾರು ಇರುತ್ತಾರೆ? ಎಲ್ಲರ ಮೇಲೆ ಮುಖ್ಯ ಅಧೀಕ್ಷಕರು. ಕೇಂದ್ರದ ಪೂರ್ತಿ ಜವಾಬ್ದಾರಿ ಅವರದು. ಪ್ರಶ್ನೆಪತ್ರಿಕೆಯ ಬಂಡಲ್ ಕಾಯುವವರು ಕಸ್ಟೋಡಿಯನ್, ಅಂದರೆ ಪಾಲಕರು. ಖಜಾನೆಯಿಂದ ಕೇಂದ್ರಕ್ಕೆ ಬಂಡಲ್ ತಲುಪಿಸುವವರು ಮಾರ್ಗಾಧಿಕಾರಿಗಳು. ಕೇಂದ್ರದಲ್ಲೇ ಕೂತು ನಿಗಾ ಇಡುವುದು ಸ್ಥಾನಿಕ ಜಾಗೃತ ದಳ. ಬಾಗಿಲಲ್ಲಿ ಫೋನು ತೆಗೆದಿಟ್ಟುಕೊಳ್ಳುವವರು ಮೊಬೈಲ್ ಸ್ವಾಧೀನಾಧಿಕಾರಿ. ಇವರೆಲ್ಲರ ಕೆಲಸ ಕೊನೆಗೆ ಹೋಗಿ ಮುಟ್ಟುವುದು ಕೊಠಡಿ ಮೇಲ್ವಿಚಾರಕರ ಕೈಗೆ. ಮಗುವಿನ ಎದುರು ನಿಲ್ಲುವವರು ಅವರೊಬ್ಬರೇ.

ಇಷ್ಟೊಂದು ಕಾವಲು ಯಾಕೆ ಎಂದು ಕೇಳುವವರಿಗೆ 2016 ನೆನಪಿಸಬೇಕು. ಆ ವರ್ಷ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಬಯಲಾಯಿತು. ಮಾರ್ಚ್ 21ರ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಮತ್ತೆ ಇಟ್ಟರು, ಅದೂ ಬಯಲಾಗಿ ಪರೀಕ್ಷೆಗೆ ಕೆಲವೇ ತಾಸು ಮೊದಲು ರದ್ದು. ಕೊನೆಗೆ ಏಪ್ರಿಲ್ 12ರಂದು ನಡೆಯಿತು. ಪ್ರಾಮಾಣಿಕವಾಗಿ ಓದಿದ ಮಕ್ಕಳು ಒಂದೇ ವಿಷಯವನ್ನು ಮೂರು ಮೂರು ಸಲ ಓದಿಕೊಂಡು ಕಣ್ಣೀರು ಹಾಕಿದರು. ಬಂಡಲ್ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂದು ಹೆಜ್ಜೆಹೆಜ್ಜೆಗೆ ಸಹಿ ಹಾಕಿಸಿಕೊಳ್ಳುವುದನ್ನು ಕಿರಿಕಿರಿ ಎಂದುಕೊಳ್ಳಬೇಡಿ.

ಈಗ ತರಬೇತಿಗೆ ಬರೋಣ. ಅದು ಮೇಲಿನಿಂದ ಕೆಳಗೆ ಇಳಿಯುತ್ತದೆ. ಮಂಡಳಿ ಮಾರ್ಗಸೂಚಿ ಹೊರಡಿಸುತ್ತದೆ. ಜಿಲ್ಲೆಯಲ್ಲಿ ಉಪನಿರ್ದೇಶಕರು, ಅಂದರೆ ಡಿಡಿಪಿಐ ಅವರು, ಮುಖ್ಯ ಅಧೀಕ್ಷಕರು ಮತ್ತು ಕಸ್ಟೋಡಿಯನ್‌ಗಳ ಸಭೆ ಕರೆಯುತ್ತಾರೆ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮಟ್ಟದ ಸಭೆ. ಕಂದಾಯದ ಲೆಕ್ಕದಲ್ಲಿ ತಿಕೋಟಾ, ಬಬಲೇಶ್ವರ ಬೇರೆ ತಾಲ್ಲೂಕುಗಳಾಗಿದ್ದರೂ ಶಾಲೆಗಳ ಲೆಕ್ಕದಲ್ಲಿ ವಿಜಯಪುರ ಗ್ರಾಮೀಣ ವಲಯದ ಬಿಇಒ ಕಚೇರಿಯೇ ಆಧಾರ. ನಗರದ ಶಾಲೆಗಳಿಗೆ ನಗರ ವಲಯ. ಕೊನೆಯ ಮೆಟ್ಟಿಲು ಕೊಠಡಿ ಮೇಲ್ವಿಚಾರಕರ ಪೂರ್ವಭಾವಿ ಸಭೆ. ಇದು ಸಾಮಾನ್ಯವಾಗಿ ಪರೀಕ್ಷೆಯ ಹಿಂದಿನ ದಿನ ಕೇಂದ್ರದಲ್ಲೇ ನಡೆಯುತ್ತದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಮುಖ್ಯ ಅಧೀಕ್ಷಕರಿಗೆ ಎರಡು ಸಭೆ, ಕೈಯಲ್ಲಿ ಪುಸ್ತಿಕೆ. ಮಕ್ಕಳ ಎದುರು ನಿಲ್ಲುವವರಿಗೆ ಹಿಂದಿನ ದಿನದ ಒಂದು ಸಭೆ. ಆ ಸಭೆಯಲ್ಲೂ ಆದೇಶ ಪ್ರತಿ ಹಂಚುವುದು, ಹಾಜರಾತಿ ಹಾಕುವುದು, ಚಹಾ ಕುಡಿಯುವುದರಲ್ಲಿ ಅರ್ಧ ಹೊತ್ತು ಕಳೆಯುತ್ತದೆ. ಪ್ರೌಢಶಾಲೆಯ ಶಿಕ್ಷಕರು ಸಾಲದಿದ್ದರೆ ಪ್ರಾಥಮಿಕ ಶಾಲೆಯವರನ್ನೂ ಹಾಕುತ್ತಾರೆ. ಅವರಲ್ಲಿ ಕೆಲವರು ಈ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡುವುದೇ ಪರೀಕ್ಷೆಯ ದಿನ. ಅದಕ್ಕೇ ನಾನು ಹೇಳುವುದು, ತರಬೇತಿ ಶಾಲೆಯಲ್ಲೇ ಶುರುವಾಗಬೇಕು. ಅದಕ್ಕೆ ಹೊಸ ಕಾರ್ಯಕ್ರಮ ಬೇಕಿಲ್ಲ. ಫೆಬ್ರುವರಿ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ ಹೇಗೂ ನಡೆಯುತ್ತದೆ. ಅದನ್ನು ಮಕ್ಕಳ ತಾಲೀಮು ಎಂದಷ್ಟೇ ನೋಡುತ್ತೇವೆ. ಶಿಕ್ಷಕರ ತಾಲೀಮನ್ನೂ ಅದರಲ್ಲೇ ಮಾಡಿಬಿಡಿ.

ಹೇಗೆ? ಮುಖ್ಯಗುರುಗಳು ಒಬ್ಬ ಹಿರಿಯ ಶಿಕ್ಷಕರನ್ನು ಮುಖ್ಯ ಅಧೀಕ್ಷಕರ ಜಾಗದಲ್ಲಿ ಕೂರಿಸಲಿ. ಚೀಟಿ ಎತ್ತಿ ಕೊಠಡಿ ಹಂಚಲಿ, ಕೇಂದ್ರದಲ್ಲೂ ಲಾಟರಿ ಎತ್ತಿಯೇ ಹಂಚುವುದು. ಗಣಿತದ ದಿನ ಗಣಿತದ ಗುರುಗಳು ಕೊಠಡಿಗೆ ಹೋಗುವುದು ಬೇಡ, ಅಲ್ಲಿಯ ನಿಯಮವೂ ಅದೇ. ಪ್ರಶ್ನೆಪತ್ರಿಕೆಯನ್ನು ಕವರಿನಲ್ಲಿ ಹಾಕಿ ಅಂಟಿಸಿ ಕೊಡಿ. ಉತ್ತರ ಪತ್ರಿಕೆಯ ಮುಖಪುಟದ ಮಾದರಿಯೊಂದನ್ನು ಜೆರಾಕ್ಸ್ ಮಾಡಿಸಿ ಮಕ್ಕಳಿಂದ ತುಂಬಿಸಿ. ಆಮೇಲೆ ಶಿಕ್ಷಕರೆಲ್ಲ ಕೂತು ಆ ಮುಖಪುಟಗಳನ್ನು ನೋಡಿ. ನೋಂದಣಿ ಸಂಖ್ಯೆಯಲ್ಲಿ ಅಂಕಿ ಬಿಟ್ಟವರು, ವಿಷಯದ ಜಾಗದಲ್ಲಿ ಹೆಸರು ಬರೆದವರು, ಮೇಲ್ವಿಚಾರಕರ ಸಹಿ ಬೀಳದ ಹಾಳೆ, ಎಲ್ಲವೂ ಸಿಗುತ್ತವೆ. ಫೆಬ್ರುವರಿಯಲ್ಲಿ ಸಿಕ್ಕ ತಪ್ಪು ಮಾರ್ಚ್‌ನಲ್ಲಿ ಆಗುವುದಿಲ್ಲ.

ಖರ್ಚು? ಒಂದಿಷ್ಟು ಜೆರಾಕ್ಸ್, ಕವರು, ದಾರ. ಶಾಲೆಯ ಸಾದಿಲ್ವಾರು ಹಣದಲ್ಲೇ ಆಗುತ್ತದೆ.

ಇನ್ನು ಪರೀಕ್ಷೆಯ ದಿನ. ಈ ಭಾಗ ಸ್ವಲ್ಪ ನಿಧಾನವಾಗಿ ಓದಿ, ತೊಡಕು ಬರುವುದೆಲ್ಲ ಮೊದಲ ಅರ್ಧ ತಾಸಿನಲ್ಲಿ.

ಕೇಂದ್ರಕ್ಕೆ ಹೋದೊಡನೆ ಫೋನು ಒಪ್ಪಿಸಬೇಕು. ಫೋನು ಹೋದರೆ ಹೊತ್ತೂ ಹೋಯಿತು, ಯಾಕೆಂದರೆ ಈಗ ಬಹಳ ಜನ ಕೈಗಡಿಯಾರ ಕಟ್ಟುವುದಿಲ್ಲ. ಮುಳ್ಳಿನ ಸಾದಾ ವಾಚು ಒಂದನ್ನು ಕಟ್ಟಿಕೊಂಡು ಹೋಗಿ. ಸ್ಮಾರ್ಟ್ ವಾಚ್ ನಡೆಯುವುದಿಲ್ಲ. ಜೇಬಿನಲ್ಲಿ ನೀಲಿ, ಕೆಂಪು ಎರಡು ಪೆನ್ನು ಇರಲಿ. ಚಪ್ಪಲಿ ಸದ್ದು ಮಾಡದಂಥದ್ದಿರಲಿ, ಬರೆಯುವ ಮಗುವಿನ ಕಿವಿಗೆ ಆ ಟಕಟಕ ದೊಡ್ಡದಾಗಿ ಕೇಳುತ್ತದೆ.

ಕೊಠಡಿ ಸಂಖ್ಯೆ, ಉತ್ತರ ಪತ್ರಿಕೆ, ನಾಮಿನಲ್ ರೋಲ್ ತೆಗೆದುಕೊಳ್ಳಿ. ನಾಮಿನಲ್ ರೋಲ್ ಅಂದರೆ ಆ ಕೊಠಡಿಯ ಮಕ್ಕಳ ಫೋಟೊ, ಹೆಸರು, ನೋಂದಣಿ ಸಂಖ್ಯೆ ಇರುವ ಪಟ್ಟಿ. ಉತ್ತರ ಪತ್ರಿಕೆಗಳನ್ನು ಅಲ್ಲೇ ಎಣಿಸಿ, ಕೊಠಡಿಗೆ ಹೋಗಿ ಎಣಿಸುತ್ತೇನೆ ಎನ್ನಬೇಡಿ. ಕೊಠಡಿಯಲ್ಲಿ ಡೆಸ್ಕಿನ ಮೇಲೆ, ಗೋಡೆಯ ಮೇಲೆ ಏನಾದರೂ ಬರೆದಿದ್ದರೆ ಒರೆಸಿ. ಮಕ್ಕಳನ್ನು ಒಳಗೆ ಬಿಡುವಾಗ ಪ್ರವೇಶ ಪತ್ರದ ಫೋಟೊ ನೋಡಿ, ಮುಖ ನೋಡಿ, ಪಟ್ಟಿ ನೋಡಿ. ನಗುತ್ತ ನೋಡಿ. ಪೊಲೀಸರಂತೆ ನೋಡಿದರೆ ಮಗು ಓದಿದ್ದನ್ನೂ ಮರೆಯುತ್ತದೆ.

ಪ್ರಶ್ನೆಪತ್ರಿಕೆ ಕೊಡುವಾಗ ವಿಜಯಪುರ ಸೀಮೆಯಲ್ಲಿ ಒಂದು ವಿಶೇಷ ಎಚ್ಚರ ಬೇಕು. ನಗರದಲ್ಲಿ ಉರ್ದು ಮಾಧ್ಯಮದ ಮಕ್ಕಳು ಬಹಳ. ತಿಕೋಟಾದ ಆಚೆ ಮಹಾರಾಷ್ಟ್ರದ ಗಡಿ, ಆದ್ದರಿಂದ ಮರಾಠಿ ಮಾಧ್ಯಮವೂ ಬರಬಹುದು. ಇಂಗ್ಲಿಷ್ ಮಾಧ್ಯಮ ಎಲ್ಲೆಡೆ ಇದೆ. ವಿಷಯಕ್ಕೊಂದು ಸಂಕೇತ ಸಂಖ್ಯೆ ಇದೆ: ಗಣಿತ 81, ವಿಜ್ಞಾನ 83, ಸಮಾಜ ವಿಜ್ಞಾನ 85. ಅದರ ಮುಂದೆ ಮಾಧ್ಯಮದ ಅಕ್ಷರ ಇರುತ್ತದೆ. ಜೊತೆಗೆ ಹೊಸ ಅಭ್ಯರ್ಥಿಯೋ ಪುನರಾವರ್ತಿತ ಅಭ್ಯರ್ಥಿಯೋ, ಶಾಲೆಯ ಮೂಲಕ ಕೂತವರೋ ಖಾಸಗಿಯಾಗಿ ಕೂತವರೋ ಎಂದು ತೋರಿಸುವ ಅಕ್ಷರಗಳೂ ಇರುತ್ತವೆ. ಪ್ರವೇಶ ಪತ್ರದಲ್ಲಿರುವುದೂ ಪ್ರಶ್ನೆಪತ್ರಿಕೆಯಲ್ಲಿರುವುದೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮಗುವಿನ ಕೈಯಲ್ಲೇ ಬೆರಳಿಟ್ಟು ತಾಳೆ ನೋಡಿಸಿ. ಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ ಈ ಕೆಲಸ ಮುಗಿಯಬೇಕು. ಪುಟಗಳು ಪೂರ್ತಿ ಇವೆಯೇ, ಮುದ್ರಣ ಅಳಿಸಿದೆಯೇ ಎಂಬುದನ್ನೂ ಆಗಲೇ ನೋಡಿಸಿ. ಒಂದು ತಾಸಿನ ನಂತರ ‘ಸರ, ಇದು ನಂದಲ್ಲ’ ಎಂದು ಮಗು ಎದ್ದು ನಿಂತರೆ ಆ ಹೊತ್ತನ್ನು ತುಂಬಿಕೊಡುವುದು ಬಹಳ ಕಷ್ಟ.

ಗೈರುಹಾಜರಾದವರನ್ನು ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಮುಖಪುಟ ಸರಿಯಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ಸಹಿ ಹಾಕಿ. ಮೊದಲೇ ಎಲ್ಲದಕ್ಕೂ ಸಹಿ ಹಾಕಿಟ್ಟು ಹಂಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಬರೆಯುವ ಹೊತ್ತಿನಲ್ಲಿ ಬರುವ ಸಂಶಯಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೇ. ಮಗು ಪ್ರಶ್ನೆಯ ಅರ್ಥ ಕೇಳಿದರೆ ಹೇಳಬಹುದೇ? ಹೇಳಬಾರದು. ‘ಇನ್ನೊಮ್ಮೆ ನಿಧಾನಕ್ಕೆ ಓದಪ್ಪ’ ಎನ್ನಬಹುದು, ಅಷ್ಟೇ. ಪ್ರಶ್ನೆಯಲ್ಲೇ ತಪ್ಪು ಕಂಡರೆ? ನೀವು ತಿದ್ದಿ ಹೇಳಬೇಡಿ. ಮುಖ್ಯ ಅಧೀಕ್ಷಕರಿಗೆ ತಿಳಿಸಿ, ಅವರು ಮೇಲಕ್ಕೆ ತಿಳಿಸುತ್ತಾರೆ. ನೀವು ಒಂದು ಕೊಠಡಿಯಲ್ಲಿ ತಿದ್ದಿದರೆ ಪಕ್ಕದ ಕೊಠಡಿಯ ಮಗುವಿಗೆ ಅನ್ಯಾಯವಾಗುತ್ತದೆ. ತಲೆ ಸುತ್ತಿ ಬಿದ್ದರೆ? ಮಾರ್ಚ್ ಕೊನೆಯ ವಿಜಯಪುರದ ಬಿಸಿಲಿಗೆ, ಬರಿ ಹೊಟ್ಟೆಯಲ್ಲಿ ತೋಟದ ವಸ್ತಿಯಿಂದ ಬಂದ ಮಕ್ಕಳಿಗೆ ಇದು ಆಗುವಂಥದ್ದೇ. ಅದು ದ್ರಾಕ್ಷಿ ಕಟಾವಿನ, ಒಣದ್ರಾಕ್ಷಿ ಶೆಡ್ಡಿನ ಕೆಲಸದ ಹೊತ್ತು. ಅಪ್ಪ ಅವ್ವ ನಸುಕಿನಲ್ಲೇ ಕೆಲಸಕ್ಕೆ ಹೋಗಿರುತ್ತಾರೆ, ಮಗು ಉಂಡಿದೆಯೋ ಇಲ್ಲವೋ ನೋಡುವವರಿರುವುದಿಲ್ಲ. ಕೊಠಡಿ ಬಿಟ್ಟು ಓಡಬೇಡಿ. ಹೊರಗಿರುವ ರಿಲೀವರ್ ಅವರನ್ನು, ಅಂದರೆ ಬದಲಿ ಮೇಲ್ವಿಚಾರಕರನ್ನು ಕರೆಯಿರಿ. ಕೇಂದ್ರದಲ್ಲಿ ಓಆರ್‌ಎಸ್, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿದೆ ಎಂದು ಹಿಂದಿನ ದಿನದ ಸಭೆಯಲ್ಲೇ ಕೇಳಿಟ್ಟುಕೊಳ್ಳಿ.

ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯ ಬೇರೆ. ಕೈಯಲ್ಲಿ ಬರೆಯಲಾಗದ, ಕಣ್ಣು ಕಾಣದ ಮಗುವಿಗೆ ಲಿಪಿಕಾರರನ್ನು ಕೊಡುತ್ತಾರೆ. ಮಗು ಹೇಳಿದ್ದನ್ನು ಬರೆಯುವವರೇ ಲಿಪಿಕಾರರು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಹೊತ್ತು. ಇದು ಉಪಕಾರ ಅಲ್ಲ, ಆ ಮಗುವಿನ ಹಕ್ಕು. ಆದರೆ ಮುಖ್ಯಗುರುಗಳು ವೈದ್ಯಕೀಯ ಪ್ರಮಾಣಪತ್ರ ಸಮೇತ ಮೊದಲೇ ಅನುಮತಿ ಪಡೆದಿರಬೇಕು. ಪರೀಕ್ಷೆಯ ಬೆಳಗ್ಗೆ ಕೇಳಿದರೆ ಮುಖ್ಯ ಅಧೀಕ್ಷಕರ ಕೈಯಲ್ಲೂ ಏನೂ ಇರುವುದಿಲ್ಲ. ಇಂಥ ಮಗು ನಿಮ್ಮ ಶಾಲೆಯಲ್ಲಿದ್ದರೆ ದಯವಿಟ್ಟು ಈಗಲೇ ಕಾಗದಪತ್ರ ನೋಡಿ. ಮೇಲ್ವಿಚಾರಕರಿಗೂ ಒಂದು ಮಾತು: ಉಳಿದವರೆಲ್ಲ ಎದ್ದು ಹೋದ ಮೇಲೆ ಆ ಮಗು ಬರೆಯುತ್ತಿರುತ್ತದೆ, ಮನೆಗೆ ಹೋಗುವ ಅವಸರವನ್ನು ಅದರ ಮುಂದೆ ತೋರಿಸಬೇಡಿ.

ಹೊತ್ತು ಮುಗಿದ ಗಂಟೆಯಾದಾಗ ಮಕ್ಕಳು ಕೂತಲ್ಲೇ ಇರಲಿ. ಉತ್ತರ ಪತ್ರಿಕೆ ಸಂಗ್ರಹಿಸಿ, ಎಣಿಸಿ. ಹಾಜರಿದ್ದವರ ಸಂಖ್ಯೆಗೆ ಸರಿಹೋದ ಮೇಲೆಯೇ ಬಾಗಿಲು ತೆಗೆಯಿರಿ. ನೋಂದಣಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಒಪ್ಪಿಸಿ. ಹೆಚ್ಚುವರಿ ಹಾಳೆ ದಾರ ಕಟ್ಟದೆ ಉಳಿದಿದೆಯೇ ಎಂದು ಒಮ್ಮೆ ನೋಡಿ. ಕಳಚಿಬಿದ್ದ ಒಂದು ಹಾಳೆಯಲ್ಲಿ ಮಗುವಿನ ಎಷ್ಟೋ ಅಂಕ ಇರುತ್ತದೆ.

ಈಗ ಎಲ್ಲರೂ ಕೇಳುವ, ಆದರೆ ದನಿ ತಗ್ಗಿಸಿ ಕೇಳುವ ಪ್ರಶ್ನೆ. ಕಾಂಪೌಂಡಿನ ಹೊರಗೆ ಮಕ್ಕಳ ತಂದೆತಾಯಿ ನಿಂತಿರುತ್ತಾರೆ. ‘ಸರ, ನಮ್ಮ ಹುಡುಗನ ಕಡೆ ಒಂದೀಟು ನೋಡ್ರಿ’ ಎನ್ನುತ್ತಾರೆ. ‘ಬಡ ಮಕ್ಕಳು, ಒಂದಂಕದ ಉತ್ತರ ಹೇಳಿದರೆ ಪಾಸಾದಾವು, ಏನು ತಪ್ಪು?’ ಎಂಬುದೇ ಆ ಪ್ರಶ್ನೆ. ನಾನು ಇದಕ್ಕೆ ಸಿಟ್ಟಿಲ್ಲದೆ, ಆದರೆ ಸ್ಪಷ್ಟವಾಗಿ ಉತ್ತರ ಹೇಳುತ್ತೇನೆ. ಕಾನೂನಿನ ಮಾತು ಮೊದಲು: ಪರೀಕ್ಷಾ ಅಕ್ರಮಕ್ಕೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಶಿಕ್ಷೆ ಇದೆ, ಅದು ಶಿಕ್ಷಕರನ್ನೂ ಬಿಡುವುದಿಲ್ಲ. ಅದಕ್ಕಿಂತ ದೊಡ್ಡದು ಮಗುವಿನ ನಷ್ಟ. ಗಣಿತ ಬಾರದೆ ಪಾಸಾದ ಮಗು ಪಿಯುಸಿಯಲ್ಲೋ ಐಟಿಐಯಲ್ಲೋ ಡಿಪ್ಲೊಮಾದಲ್ಲೋ ಮೊದಲ ವರ್ಷವೇ ಕೈಚೆಲ್ಲುತ್ತದೆ. ಆಗ ಹೇಳಿಕೊಡಲು ಯಾರೂ ಪಕ್ಕದಲ್ಲಿರುವುದಿಲ್ಲ. ನಾಪಾಸಾದ ಮಗುವಿಗೆ ಈಗ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಆ ನಡುವಿನ ವಾರಗಳಲ್ಲಿ ಅದನ್ನು ಶಾಲೆಗೆ ಕರೆಸಿ ಪಾಠ ಹೇಳಿ. ಕೊಠಡಿಯಲ್ಲಿ ಪಿಸುಗುಟ್ಟುವುದಕ್ಕಿಂತ ನೂರುಪಾಲು ದೊಡ್ಡ ಸಹಾಯ ಅದು.

ಕೊಠಡಿ ಬಿಗಿಯಾದರೆ ಏನಾಗುತ್ತದೆ ಎಂಬುದನ್ನು ಅಂಕಿಅಂಶಗಳೂ ತೋರಿಸುತ್ತವೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುವ ವ್ಯವಸ್ಥೆ. ಆ ವರ್ಷದ ಫಲಿತಾಂಶ ಶೇ 73.40, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಹೆಚ್ಚುವರಿ ಕೃಪಾಂಕ ನಿಂತ 2025ರಲ್ಲಿ ಪರೀಕ್ಷೆ 1ರಲ್ಲಿ ಶಾಲೆಯ ಮೂಲಕ ಹೊಸದಾಗಿ ಕೂತವರ ಫಲಿತಾಂಶ ಶೇ 66.14. ಇದನ್ನು ನೋಡಿ ಮಕ್ಕಳು ದಡ್ಡರಾದರು ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಯಾವ ಮಗುವಿಗೆ ಎಷ್ಟು ಬರುತ್ತದೆ ಎಂಬುದು ಈಗ ಮೊದಲಿಗಿಂತ ನಿಚ್ಚಳವಾಗಿ ಕಾಣುತ್ತಿದೆ, ಅಷ್ಟೇ. ಕಂಡರೆ ತಾನೇ ಕಲಿಸಲು ಸಾಧ್ಯ?

ಕ್ಯಾಮೆರಾದ ಬಗ್ಗೆ ಹೆದರಿಕೆ ಬೇಡ. ಪ್ರಾಮಾಣಿಕ ಮೇಲ್ವಿಚಾರಕರಿಗೆ ಅದೇ ಸಾಕ್ಷಿ. ಸುಳ್ಳು ದೂರು ಬಂದರೆ ನಿಮ್ಮನ್ನು ಕಾಪಾಡುವುದೂ ಅದೇ. ಆದರೆ ಕೇಂದ್ರವಿರುವ ಶಾಲೆಯವರು ಮೊದಲೇ ನೋಡಬೇಕಾದದ್ದಿದೆ. ಕ್ಯಾಮೆರಾ ಕೊಠಡಿಯ ಎಲ್ಲ ಡೆಸ್ಕನ್ನೂ ಹಿಡಿಯುತ್ತದೆಯೇ? ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಇಂಟರ್‌ನೆಟ್ ಕಡಿದರೆ ಯಾರಿಗೆ ಹೇಳಬೇಕು? ಹಳ್ಳಿಯ ಕೇಂದ್ರಗಳಲ್ಲಿ ಈ ಮೂರನ್ನೂ ಮೂರು ತಾಸು ಸತತ ಓಡಿಸಿ ನೋಡಿ.

ಎಸ್ಸೆಸ್ಸೆಲ್ಸಿ ಬಿಟ್ಟು ಇನ್ನೊಂದು ಬಗೆಯ ಪರೀಕ್ಷೆಯೂ ಶಾಲೆಗೆ ಬರುತ್ತದೆ. 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6, 9ನೇ ತರಗತಿಯ ಮಕ್ಕಳಿಗೆ ಪರಖ್ ರಾಷ್ಟ್ರೀಯ ಸರ್ವೇಕ್ಷಣೆ ನಡೆಯಿತು. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯೂ ಇದೇ ಜಾತಿಯದು. ಇವುಗಳಲ್ಲಿ ಮಗುವಿಗೆ ಪಾಸು ನಾಪಾಸು ಇಲ್ಲ. ಆಯ್ದ ಶಾಲೆಗಳ ಆಯ್ದ ಮಕ್ಕಳಿಂದ ಉತ್ತರ ಪಡೆದು, ಜಿಲ್ಲೆಯ ಕಲಿಕೆ ಹೇಗಿದೆ ಎಂದು ಅಳೆಯುತ್ತಾರೆ. ಉತ್ತರವನ್ನು ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಹಾಳೆಯಲ್ಲಿ, ವೃತ್ತ ತುಂಬಿ ಗುರುತಿಸಬೇಕು. ಪರೀಕ್ಷೆ ನಡೆಸುವುದು ಹೊರಗಿನಿಂದ ಬಂದ ಕ್ಷೇತ್ರ ಪರಿವೀಕ್ಷಕರು. ಶಾಲೆಯ ಶಿಕ್ಷಕರ ಕೆಲಸ ಮಕ್ಕಳನ್ನು ಹಾಜರಿಡುವುದು, ಕೇಳಿದ ಮಾಹಿತಿ ಕೊಡುವುದು, ದೂರ ನಿಲ್ಲುವುದು. ಶಾಲೆಯ ಮಾನ ಉಳಿಸಲು ಜಾಣ ಮಕ್ಕಳನ್ನಷ್ಟೇ ಕೂರಿಸುವ ಆಸೆ ಬರಬಹುದು. ಹಾಗೆ ಮಾಡಿದರೆ ನಮ್ಮ ಜಿಲ್ಲೆಗೆ ಏನು ಬೇಕು ಎಂಬುದೇ ಮೇಲಿನವರಿಗೆ ತಿಳಿಯುವುದಿಲ್ಲ. ಓಎಂಆರ್ ಅಭ್ಯಾಸ ಪ್ರೌಢಶಾಲೆಯವರಿಗೂ ಇರಲಿ. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಎಸ್ಸೆಸ್ಸೆಲ್ಸಿಯನ್ನೇ ಎರಡು ದಿನದಲ್ಲಿ ಓಎಂಆರ್ ಮೇಲೆ ಬರೆಸಿದ್ದರು.

ಕೊನೆಗೆ ಹಣ, ಕಾಗದ, ವಿಳಾಸದ ಮಾತು. ತರಬೇತಿಗೆ ಶಿಕ್ಷಕರು ಏನೂ ಕೊಡಬೇಕಿಲ್ಲ. ಮೇಲ್ವಿಚಾರಣೆಗೆ ಮಂಡಳಿ ನಿಗದಿ ಮಾಡಿದ ದಿನದ ಸಂಭಾವನೆ ಇದೆ, ಕೇಂದ್ರದ ಮೂಲಕವೇ ಸಿಗುತ್ತದೆ. ದರ ಬದಲಾಗುತ್ತಿರುತ್ತದೆ, ಆ ವರ್ಷದ ಸುತ್ತೋಲೆ ನೋಡಿ. ಕೆಲಸ ಮುಗಿದ ದಿನವೇ ಮುಖ್ಯ ಅಧೀಕ್ಷಕರಿಂದ ಹಾಜರಾತಿ ಪ್ರಮಾಣಪತ್ರ ತೆಗೆದುಕೊಳ್ಳಿ. ಶಾಲೆಯಲ್ಲಿ ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ ಹಾಜರಿ ಹಾಕಿಸಲು ಅದೇ ಬೇಕು. ಮಾರ್ಗಸೂಚಿ, ವೇಳಾಪಟ್ಟಿ, ಮಾದರಿ ಪ್ರಶ್ನೆಪತ್ರಿಕೆ ಮಂಡಳಿಯ ಜಾಲತಾಣದಲ್ಲಿ ಸಿಗುತ್ತವೆ. ಮಂಡಳಿಯ ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ, ಆದರೆ ಅಷ್ಟು ದೂರ ಹೋಗುವ ಪ್ರಸಂಗ ಬರುವುದಿಲ್ಲ. ಆದೇಶದ ವಿಷಯಕ್ಕೆ ಬಿಇಒ ಕಚೇರಿ. ಶಾಲೆಯಲ್ಲೇ ತಾಲೀಮು ಮಾಡಲು ಸಲಹೆ ಬೇಕಿದ್ದರೆ ನಿಮ್ಮ ಕ್ಲಸ್ಟರಿನ ಸಿಆರ್‌ಪಿಯವರನ್ನು, ಅಂದರೆ ಸಂಪನ್ಮೂಲ ವ್ಯಕ್ತಿಯನ್ನು, ಇಲ್ಲವೇ ವಿಜಯಪುರದ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು ಕೇಳಿ.

ಆದೇಶ ಕೈಗೆ ಬಂದ ದಿನವೇ ಒಮ್ಮೆ ಪೂರ್ತಿ ಓದಿ. ನಿಮ್ಮ ಸ್ವಂತ ಶಾಲೆಯ ಮಕ್ಕಳಿರುವ ಕೇಂದ್ರ ಬಿದ್ದಿದೆಯೇ? ನಿಮ್ಮ ಮಗನೋ ಮಗಳೋ ತಮ್ಮನ ಮಕ್ಕಳೋ ಅದೇ ಕೇಂದ್ರದಲ್ಲಿ ಬರೆಯುತ್ತಿದ್ದಾರೆಯೇ? ಹಾಗಿದ್ದರೆ ಪೂರ್ವಭಾವಿ ಸಭೆಯವರೆಗೆ ಕಾಯಬೇಡಿ. ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಆದೇಶದ ಪ್ರತಿ ಲಗತ್ತಿಸಿ ಬಿಇಒ ಕಚೇರಿಗೆ ಕೊಡಿ. ಸ್ವೀಕೃತಿಯ ಸಹಿ ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.